ಒಡಹುಟ್ಟಿದವರನ್ನು ಮೆಚ್ಚಿ ಹೇಳುವದು ಯುಕ್ತವೋ?

ಮನುಷ್ಯನು ತನ್ನ ಜೀವಮಾನದಲ್ಲಿ ಅನೇಕರನ್ನು ಹೊಗಳುತ್ತಾನೆ. ತಂದೆತಾಯಿಗಳನ್ನು ಕೊಂಡಾಡುವದು ಧರ್ಮವೆಂದು ಎಲ್ಲರೂ ಒಪ್ಪುತ್ತಾರೆ. ಗುರುಗಳನ್ನು ಸ್ಮರಿಸುವದಕ್ಕೆ ಶಾಲೆಗಳಲ್ಲಿ ಒಂದು ದಿನವೇ ಗೊತ್ತಾಗಿದೆ. ಊರಿಗೆ ಉಪಕಾರ ಮಾಡಿದವರಿಗೆ ಹಾರ ಹಾಕಿ ಶಾಲು ಹೊದಿಸುತ್ತೇವೆ. ಆದರೆ ಒಂದೇ ತೊಟ್ಟಿಲಲ್ಲಿ ಮಲಗಿ, ಒಂದೇ ಮಡಕೆಯ ಅಂಬಲಿಯನ್ನು ಉಂಡು, ಒಂದೇ ಕಂಬಳಿಯನ್ನು ಅತ್ತಿತ್ತ ಎಳೆದಾಡಿಕೊಂಡು ಬೆಳೆದ ಅಣ್ಣನನ್ನಾಗಲಿ ಅಕ್ಕನನ್ನಾಗಲಿ, ತಮ್ಮ ತಂಗಿಯರನ್ನಾಗಲಿ ಬಾಯಿ ತುಂಬ ಮೆಚ್ಚಿ ಮಾತಾಡಿದವರು ನಮ್ಮಲ್ಲಿ ಎಷ್ಟು ಮಂದಿ? ಎಣಿಸಿ ನೋಡಿದರೆ ಬಹಳ ಸ್ವಲ್ಪ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂಬ ಗಾದೆ ನಮ್ಮ ಭಾಷೆಯಲ್ಲಿ ಉಂಟು. ಈ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಆದರೆ ಇದರಲ್ಲಿ ನಗತಕ್ಕದ್ದು ಏನೂ ಇಲ್ಲ.

ಹೀಗಿರಲಾಗಿ ನಾವು ವಿಚಾರಿಸತಕ್ಕ ಪ್ರಶ್ನೆ ಯಾವದೆಂದರೆ: ತನ್ನ ಒಡಹುಟ್ಟಿದವರನ್ನು ತಾನೇ ಮೆಚ್ಚಿ ಕೊಂಡಾಡುವದು ಯುಕ್ತವೋ? ಅದು ಆತ್ಮಸ್ತುತಿಯ ಇನ್ನೊಂದು ರೂಪವಲ್ಲವೋ? ಯುಕ್ತವಾದರೆ ಅದನ್ನು ಯಾವಾಗ ಮಾಡಬೇಕು, ಹೇಗೆ ಮಾಡಬೇಕು? ಇದು ಸಣ್ಣ ಪ್ರಶ್ನೆಯಂತೆ ತೋರಬಹುದು. ಆದರೂ ಇದಕ್ಕೆ ಸರಿಯಾದ ಉತ್ತರ ಕಾಣದೆ ಅನೇಕ ಮನೆಗಳಲ್ಲಿ ಮಾತು ನಿಂತುಹೋಗಿದೆ, ಒಲೆಗಳು ಬೇರೆಯಾಗಿವೆ, ಸಾವಿನ ಮನೆಯಲ್ಲಿ ಮಾತ್ರ ಮುಖ ನೋಡುವ ಸ್ಥಿತಿ ಬಂದಿದೆ. ಆದಕಾರಣ ವಾಚಕರು ಸ್ವಲ್ಪ ತಾಳ್ಮೆಯಿಂದ ಇದನ್ನು ಆಲೋಚಿಸಬೇಕು.

ಮೊದಲು ಎಲ್ಲರೂ ಬಲ್ಲ ಒಂದು ದೃಷ್ಟಾಂತವನ್ನು ನೋಡೋಣ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬನಶಂಕರಿ ಎಂಬ ದೊಡ್ಡ ಬಡಾವಣೆ ಉಂಟು. ಅಲ್ಲಿಯ ಬಸ್ ನಿಲ್ದಾಣದ ಬಳಿ ಆಟೋರಿಕ್ಷಾಗಳನ್ನು ನೋಡುತ್ತಾ ನಿಂತವರಿಗೆ ಒಂದು ಮುಖ ಆಗಾಗ್ಗೆ ಕಾಣಿಸುತ್ತದೆ. ಗಾಡಿಯ ಹಿಂಬದಿಯಲ್ಲಿಯೋ ಮುಂದಿನ ಗಾಜಿನ ಮೇಲೆಯೋ ಅಂಟಿಸಿದ ಆ ಮುಖವು ಶಂಕರನಾಗ್ ಅವರದು. ೧೯೫೪ನೆಯ ನವೆಂಬರ್ ೯ರಂದು ಹುಟ್ಟಿದ ಅವರು ನಾಟಕದಲ್ಲಿ ಪಳಗಿ, ೧೯೭೮ರ 'ಒಂದಾನೊಂದು ಕಾಲದಲ್ಲಿ' ಎಂಬ ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾಗಿ, ೧೯೮೦ರ 'ಆಟೋರಾಜ'ದಲ್ಲಿ ಆಟೋ ಚಾಲಕನ ಪಾತ್ರವನ್ನು ವಹಿಸಿದರು. ೧೯೯೦ನೆಯ ಸೆಪ್ಟೆಂಬರ್ ೩೦ರಂದು ದಾವಣಗೆರೆಯ ಸಮೀಪದ ಆನಗೋಡಿನಲ್ಲಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ೩೬ ವರ್ಷಗಳೂ ತುಂಬಿರಲಿಲ್ಲ. ಅವರು ಹೋದ ಮೇಲೆ ಹುಟ್ಟಿದ ಚಾಲಕರು ಸಹ ಈ ಹೊತ್ತಿಗೂ ಅವರನ್ನು 'ಶಂಕ್ರಣ್ಣ' ಎಂದು ಕರೆಯುತ್ತಾರೆ. ರಕ್ತಸಂಬಂಧವಿಲ್ಲದ ಸಾವಿರಾರು ಮಂದಿ ಒಬ್ಬನನ್ನು ಅಣ್ಣನೆಂದು ಕರೆಯುವದು ದೊಡ್ಡ ಗೌರವವೇ ಸರಿ.

ಆದರೆ ಶಂಕರನಾಗ್ ಅವರಿಗೆ ರಕ್ತಸಂಬಂಧದ ಅಣ್ಣನೊಬ್ಬರು ಇದ್ದಾರೆ. ಅವರು ಅನಂತನಾಗ್, ೧೯೪೮ರಲ್ಲಿ ಹುಟ್ಟಿದವರು, ತಮ್ಮನಿಗಿಂತ ಆರು ವರ್ಷ ಹಿರಿಯರು, ೧೯೭೩ರ 'ಸಂಕಲ್ಪ', ೧೯೭೪ರ 'ಅಂಕುರ್', ೧೯೭೫ರ 'ಹಂಸಗೀತೆ' ಮೊದಲಾದ ಚಿತ್ರಗಳಿಂದ ಮೊದಲೇ ಹೆಸರಾದವರು, ೨೦೨೫ರಲ್ಲಿ ಪದ್ಮಭೂಷಣ ಗೌರವವನ್ನು ಪಡೆದವರು. ತಮ್ಮನು ಹೋದ ಮೇಲೆ ಅವರು ಅವನ ವಿಷಯವಾಗಿ ಒಂದು ಪುಸ್ತಕವನ್ನು ಬರೆದರು. ಅದರ ಹೆಸರು 'ನನ್ನ ತಮ್ಮ ಶಂಕರ'. ಈ ಹೆಸರನ್ನು ಲಕ್ಷ್ಯವಿಟ್ಟು ನೋಡಿರಿ. ನಟನೆಂದಾಗಲಿ ನಿರ್ದೇಶಕನೆಂದಾಗಲಿ ಪ್ರಸಿದ್ಧನೆಂದಾಗಲಿ ಅದರಲ್ಲಿ ಹೇಳಿಲ್ಲ. ಊರೆಲ್ಲಾ ಅಣ್ಣನೆಂದು ಕರೆದವನನ್ನು ತಮ್ಮನೆಂದು ಕರೆಯುವ ಹಕ್ಕು ಲೋಕದಲ್ಲಿ ಎಷ್ಟು ಜನರಿಗಿರುತ್ತದೆ? ಆ ಹಕ್ಕನ್ನು ಅವರು ಮುಚ್ಚಿಡದೆ ಪುಸ್ತಕದ ಮೇಲೆಯೇ ಬರೆದರು.

ಇನ್ನು ಮೊದಲನೆಯ ಆಕ್ಷೇಪಣೆಯನ್ನು ತೆಗೆದುಕೊಳ್ಳೋಣ. ತನ್ನ ಮನೆಯವರನ್ನು ತಾನೇ ಹೊಗಳುವದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ ಹಾಗಲ್ಲವೇ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಅಣ್ಣನ ಉದ್ಯೋಗವನ್ನೂ ತಂಗಿಯ ಗಂಡನ ಸಂಬಳವನ್ನೂ ಸಂತೆಯಲ್ಲಿ ಸಾರುವವನು ಅವರನ್ನು ಹೊಗಳುವದಿಲ್ಲ. ಅವರನ್ನು ಏಣಿ ಮಾಡಿಕೊಂಡು ತಾನು ಮೇಲೆ ಹತ್ತುತ್ತಾನೆ. ಅಂಥದು ಬೇಡ. ಆದರೆ ಒಡಹುಟ್ಟಿದವರ ಮಾತಿನಲ್ಲಿ ಇನ್ನೊಂದು ಗುಣ ಉಂಟು. ಅದು ಸಾಕ್ಷಿಯ ಗುಣ. ತಂದೆತಾಯಿಗಳು ನಮ್ಮ ಆರಂಭವನ್ನು ಬಲ್ಲರು, ಆದರೆ ಸಾಮಾನ್ಯವಾಗಿ ನಮಗಿಂತ ಮುಂಚೆ ಹೋಗುತ್ತಾರೆ. ಹೆಂಡತಿ ಗಂಡಂದಿರೂ ಸ್ನೇಹಿತರೂ ನಡುವೆ ಬಂದು ಸೇರುತ್ತಾರೆ. ಮಕ್ಕಳು ನಮ್ಮ ಕೊನೆಯ ಭಾಗವನ್ನು ಮಾತ್ರ ನೋಡುತ್ತಾರೆ. ಬಾಲ್ಯದಿಂದ ಮುಪ್ಪಿನ ವರೆಗೆ, ಬಡತನದಲ್ಲಿಯೂ ಏಳಿಗೆಯಲ್ಲಿಯೂ ನಮ್ಮನ್ನು ನೋಡುವವರು ಒಡಹುಟ್ಟಿದವರೇ. ಆದದರಿಂದ ಅವರು ಬಾಯಿ ಬಿಡದಿದ್ದರೆ ಕೆಲವು ಸತ್ಯಗಳನ್ನು ಹೇಳುವವರೇ ಇರುವದಿಲ್ಲ.

ಕನ್ನಡ ನಾಡಿನ ಮಟ್ಟಿಗೆ ಇದನ್ನು ತೋರಿಸುವದಕ್ಕೆ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಪ್ರಮಾಣವಿದೆ. ಆದಿಕವಿ ಪಂಪನು ಕ್ರಿ. ಶ. ೯೪೧ರಲ್ಲಿ ಆದಿಪುರಾಣವನ್ನು ಬರೆದನು. ವೇಮುಲವಾಡದ ಅರಸ ಇಮ್ಮಡಿ ಅರಿಕೇಸರಿಯ ಆಶ್ರಯದಲ್ಲಿದ್ದನು. ಅವನಿಗೆ ಜಿನವಲ್ಲಭನೆಂಬ ತಮ್ಮನಿದ್ದನು. ಈಗಿನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿ ಕುರಿಕ್ಯಾಲ ಎಂಬ ಊರಿನ ಬಳಿ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಜಿನವಲ್ಲಭನು ಆ ಗುಡ್ಡದ ಬಂಡೆಯ ಮೇಲೆ ಜಿನಬಿಂಬಗಳನ್ನು ಕಡೆಯಿಸಿ, ಅದರ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿ ಒಂದು ಶಾಸನವನ್ನು ಬರೆಯಿಸಿದನು. ಅದರಲ್ಲಿ ತಮ್ಮ ವಂಶವನ್ನು ಹೇಳಿ, ಅಣ್ಣನಾದ ಪಂಪನ ಕೀರ್ತಿಯನ್ನೂ ಅವನಿಗೆ ಅರಸನಿಂದ ಅಗ್ರಹಾರ ದೊರೆತದ್ದನ್ನೂ ಕೊಂಡಾಡಿದ್ದಾನೆ. ತೆಲುಗಿನಲ್ಲಿ ಸಿಕ್ಕಿರುವ ಅತಿ ಹಳೆಯ ಕಂದಪದ್ಯಗಳು ಆ ಬಂಡೆಯ ಮೇಲಿನವೇ ಎಂದು ವಿದ್ವಾಂಸರು ಎಣಿಸುತ್ತಾರೆ.

ಈಗ ನೋಡಿರಿ. ಪಂಪನ ತಾಯಿ ಅಬ್ಬಣಬ್ಬೆ ಎಂಬದು ಈ ತಮ್ಮನ ಬರಹದಿಂದ ನಮಗೆ ತಿಳಿಯಿತು. ಮಹಾಕಾವ್ಯಗಳನ್ನು ಬರೆದ ಅಣ್ಣನ ಮನೆಯ ಸುದ್ದಿಯನ್ನು ಬಂಡೆಯ ಮೇಲೆ ಬರೆಯಿಸಿದ ತಮ್ಮನು ಉಳಿಸಿಕೊಟ್ಟನು. ಅವನು ಅಣ್ಣನನ್ನು ಹೊಗಳಿದರೆ ಜನರು ಏನೆಂದಾರೆಂದು ನಾಚಿಕೊಂಡು ಸುಮ್ಮನಿದ್ದಿದ್ದರೆ ಆ ತಾಯಿಯ ಹೆಸರು ಮಣ್ಣುಪಾಲಾಗುತ್ತಿತ್ತು. ಅವನ ಹೊಗಳಿಕೆಯಲ್ಲಿ ಪ್ರೀತಿಯ ಉಬ್ಬರ ಇದ್ದಿರಲೂ ಬಹುದು. ಆದರೂ ಅದು ಲೋಕಕ್ಕೆ ಉಪಕಾರವಾಯಿತು. ಯಾಕಂದರೆ ಅದರೊಳಗೆ ಅವನೊಬ್ಬನೇ ಹೇಳಬಹುದಾದ ಸತ್ಯವಿತ್ತು.

ಸಾಕ್ಷಿಯ ಮಾತಿಗೆ ಇನ್ನೊಂದು ಮುಖವೂ ಉಂಟು. ಲೋಕವು ಒಬ್ಬನು ಮಾಡಿದ್ದನ್ನು ಮಾತ್ರ ನೋಡುತ್ತದೆ. ಮಾಡಬೇಕೆಂದಿದ್ದದ್ದನ್ನು ಮನೆಯವರು ಬಲ್ಲರು. ಶಂಕರನಾಗ್ ಅವರು ೧೯೮೦ರ ದಶಕದಲ್ಲಿಯೇ ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂದು ಯೋಚಿಸುತ್ತಿದ್ದರೆಂದು ಅನಂತನಾಗ್ ಅವರು ಸಾರ್ವಜನಿಕವಾಗಿ ಹೇಳಿದ್ದಾರೆ. ಬನಶಂಕರಿಗೆ ಆ ರೈಲು ಬಂದದ್ದು ೨೦೧೭ರಲ್ಲಿ, ಅಂದರೆ ಅವರು ತೀರಿಕೊಂಡು ಸುಮಾರು ೨೭ ವರ್ಷಗಳಾದ ಮೇಲೆ. ಈಡೇರದೆ ಹೋದ ಆಸೆಗೆ ಕಾಗದಪತ್ರಗಳು ಸಾಕ್ಷಿ ಹೇಳಲಾರವು. ಪಕ್ಕದಲ್ಲಿ ಕೂತು ಕೇಳಿದ ಅಣ್ಣನು ಹೇಳಬಲ್ಲನು. ನಮ್ಮ ಹಳ್ಳಿಗಳಲ್ಲಿಯೂ ಹೀಗೆಯೇ. ಓದಬೇಕೆಂದು ಹಂಬಲಿಸಿ ನೇಗಿಲು ಹಿಡಿದ ಅಣ್ಣನುಂಟು. ಹಾಡಬಲ್ಲವಳಾಗಿದ್ದು ಹಾಡದೆ ಹೋದ ಅಕ್ಕನುಂಟು. ಅವರ ಹಂಬಲವನ್ನು ಬಲ್ಲ ತಮ್ಮ ತಂಗಿಯರು ಅದನ್ನು ತಮ್ಮ ಮಕ್ಕಳಿಗೆ ಹೇಳದಿದ್ದರೆ ಇನ್ಯಾರು ಹೇಳಬೇಕು?

ಎರಡನೆಯ ಆಕ್ಷೇಪಣೆ ಪಕ್ಷಪಾತದ್ದು. ಎಲ್ಲಾ ಮನುಷ್ಯರೂ ನಮಗೆ ಸಹೋದರರೇ ಆಗಿರಬೇಕಾದರೆ ಒಬ್ಬಿಬ್ಬರನ್ನು ಮಾತ್ರ ಪ್ರತ್ಯೇಕಿಸಿ ಕೊಂಡಾಡುವದು ಸಂಕುಚಿತವಲ್ಲವೇ? ಇದು ಒಳ್ಳೆಯ ಮನಸ್ಸಿನಿಂದ ಹುಟ್ಟಿದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಮ್ಮ ಬೀದಿಯ ಮಾತಿನಲ್ಲಿಯೇ ಹುಡುಕಬಹುದು. ಕನ್ನಡ ನಾಡಿನಲ್ಲಿ ಗುರುತಿಲ್ಲದವನನ್ನು ದಾರಿ ಕೇಳಬೇಕಾದರೆ 'ಅಣ್ಣಾ' ಎನ್ನುತ್ತೇವೆ. ತರಕಾರಿ ಮಾರುವವಳನ್ನು 'ಅಕ್ಕಾ' ಎಂದು ಕರೆಯುತ್ತೇವೆ. ಕಿರಿಯನಾದರೆ 'ತಮ್ಮಾ' ಎನ್ನುತ್ತೇವೆ. ಈ ಮಾತುಗಳನ್ನು ನಾವು ಎಲ್ಲಿ ಕಲಿತೆವು? ಮನೆಯ ಹೊಸ್ತಿಲೊಳಗೆ. ಅಣ್ಣನೆಂದರೆ ಕೈಹಿಡಿದು ಹಳ್ಳ ದಾಟಿಸುವವನು, ಅಕ್ಕನೆಂದರೆ ತನ್ನ ಪಾಲಿನ ಬೆಲ್ಲವನ್ನು ಮುರಿದು ಕೊಡುವವಳು ಎಂಬ ಅರ್ಥವು ಮನೆಯಲ್ಲಿ ತುಂಬಿದ್ದರಿಂದಲೇ ಬೀದಿಯಲ್ಲಿ ಆ ಮಾತಿಗೆ ಬೆಲೆ ಬಂದಿತು. ಮನೆಯೊಳಗೆ ಅದು ಬರಿದಾದರೆ ಹೊರಗೂ ಬರಿದೇ. ಸ್ವಂತ ತಮ್ಮನ ಸಂಗಡ ಮಾತು ಬಿಟ್ಟವನು ಸಭೆಯಲ್ಲಿ ಎದ್ದುನಿಂತು 'ಸಹೋದರರೇ' ಎಂದು ಆರಂಭಿಸಿದರೆ ಆ ಮಾತಿನಲ್ಲಿ ಏನು ಹುರುಳಿರುವದು? ಆದಕಾರಣ ಒಡಹುಟ್ಟಿದವರ ಮೇಲಣ ಪ್ರೀತಿಯು ಲೋಕದ ಪ್ರೀತಿಗೆ ವಿರೋಧಿಯಲ್ಲ, ಅದಕ್ಕೆ ಅಕ್ಷರಾಭ್ಯಾಸವಾಗಿದೆ. ಆದರೆ ಅಕ್ಷರ ಕಲಿತವನು ಅಲ್ಲಿಯೇ ನಿಲ್ಲದೆ ಮುಂದೆ ಓದಬೇಕು. ತನ್ನ ಅಣ್ಣನ ತಪ್ಪನ್ನು ಮುಚ್ಚುವದಕ್ಕಾಗಿ ನೆರೆಯವನ ಮೇಲೆ ಸುಳ್ಳು ಹೇಳುವವನು ಮೊದಲನೆಯ ಪಾಠದಲ್ಲಿಯೇ ನಿಂತುಹೋದವನು.

ಮೇಲಣ ಎರಡು ಆಕ್ಷೇಪಣೆಗಳು ಬಾಯಿಂದ ಹೇಳತಕ್ಕವುಗಳು. ಬಾಯಿಂದ ಹೇಳದೆ ಎದೆಯೊಳಗೆ ಅಡಗಿಸಿಕೊಂಡಿರುವ ಮೂರನೆಯ ಅಡ್ಡಿಯೊಂದುಂಟು, ಅದು ಹೊಟ್ಟೆಕಿಚ್ಚು. ಪರರ ಏಳಿಗೆಯನ್ನು ಕಂಡು ನಾವು ಅಷ್ಟಾಗಿ ನೋಯುವದಿಲ್ಲ. ಒಂದೇ ಮನೆಯಿಂದ ಹೊರಟವನು ಮುಂದೆ ಹೋದಾಗ ಮಾತ್ರ ನಾವು ಹಿಂದೆ ಉಳಿದದ್ದು ಎದ್ದು ಕಾಣಿಸುತ್ತದೆ. ಇದೇ ಒಡಹುಟ್ಟಿದವರ ಮೆಚ್ಚಿಕೆಯನ್ನು ಕಷ್ಟಕರವಾಗಿ ಮಾಡುವ ಸಂಗತಿ. ತಪ್ಪಿಹೋದ ಮಗನ ಸಾಮ್ಯವನ್ನು ವಾಚಕರು ಬಲ್ಲರು. ಅದರಲ್ಲಿ ಹಿರಿಯ ಮಗನು ಹೊಲದಿಂದ ಬಂದು, ಮನೆಯೊಳಗೆ ವಾದ್ಯದ ಧ್ವನಿ ಕೇಳಿ, ಹೊರಗೇ ನಿಂತುಬಿಡುತ್ತಾನೆ. ಅವನು ತಂದೆಯ ಸಂಗಡ ವಾದಿಸುವಾಗ 'ತಮ್ಮ' ಎಂಬ ಮಾತನ್ನು ಒಂದು ಸಾರಿಯಾದರೂ ಆಡುವದಿಲ್ಲ. ಆ ಮಾತನ್ನು ನೆನಪಿಗೆ ತಂದುಕೊಡುವವನು ತಂದೆಯೇ. ಅವನ ದೂರಿನಲ್ಲಿ ನ್ಯಾಯವೂ ಉಂಟು. ಅವನು ದುಡಿದದ್ದು ಸುಳ್ಳಲ್ಲ. ಆದರೂ ತಮ್ಮನ ವಿಷಯದಲ್ಲಿ ಸಂತೋಷಪಡಲಾರದೆ ಅವನು ಕಳಕೊಂಡದ್ದು ತಮ್ಮನ ಪಾಲನ್ನಲ್ಲ, ತನ್ನ ಪಾಲಿನ ಹಬ್ಬವನ್ನೇ.

ಇದಕ್ಕೆ ಪ್ರತಿಯಾಗಿ ಮೈಸೂರಿನ ಒಂದು ಮನೆಯನ್ನು ನೋಡೋಣ. ೧೯೦೬ರಲ್ಲಿ ಹುಟ್ಟಿದ ಆರ್. ಕೆ. ನಾರಾಯಣ್ ಅವರು ಕಥೆಗಾರರಾದರು. ಅವರ 'ಸ್ವಾಮಿ ಮತ್ತು ಸ್ನೇಹಿತರು' ಎಂಬರ್ಥದ ಮೊದಲ ಕಾದಂಬರಿ ೧೯೩೫ರಲ್ಲಿ ಅಚ್ಚಾಯಿತು. ಅವರಿಗಿಂತ ೧೫ ವರ್ಷ ಕಿರಿಯ ತಮ್ಮನಾದ ಆರ್. ಕೆ. ಲಕ್ಷ್ಮಣ್ ಅವರು ಚಿತ್ರಕಾರರಾದರು. ಲಕ್ಷ್ಮಣ್ ಅವರು ಇನ್ನೂ ಕಾಲೇಜಿನಲ್ಲಿ ಓದುತ್ತಿರುವಾಗಲೇ ಅಣ್ಣನ ಕಥೆಗಳಿಗೆ 'ದಿ ಹಿಂದೂ' ಪತ್ರಿಕೆಯಲ್ಲಿ ಚಿತ್ರಗಳನ್ನು ಬರೆದರು. ಮುಂಬಯಿಯ ಜೆ. ಜೆ. ಕಲಾಶಾಲೆಯು ಅವರನ್ನು ಸೇರಿಸಿಕೊಳ್ಳಲಿಲ್ಲ. ಆದರೆ ಅಣ್ಣನ ಕಥೆಗಳ ಪಕ್ಕದಲ್ಲಿ ಅವರ ಗೆರೆಗೆ ಸ್ಥಳವಿತ್ತು. ತಮ್ಮನ ಬಾಲ್ಯದ ಕ್ರಿಕೆಟ್ ಆಟವೂ ತುಂಟತನಗಳೂ ಅಣ್ಣನ ಕೆಲವು ಕಥೆಗಳಿಗೆ ಮೂಲವಾದವು. ಹೀಗೆ ಅಣ್ಣನು ತಮ್ಮನನ್ನು ಕಥೆಯಲ್ಲಿಟ್ಟು ಮೆಚ್ಚಿದನು, ತಮ್ಮನು ಅಣ್ಣನನ್ನು ಗೆರೆಯಲ್ಲಿಟ್ಟು ಮೆಚ್ಚಿದನು.

೧೯೮೦ರ ದಶಕದ ಉತ್ತರಾರ್ಧದಲ್ಲಿ ಇದೇ ಕಥೆಗಳನ್ನು 'ಮಾಲ್ಗುಡಿ ಡೇಸ್' ಎಂಬ ಹೆಸರಿನಿಂದ ದೂರದರ್ಶನಕ್ಕಾಗಿ ಚಿತ್ರಿಸಲಾಯಿತು. ಮಲೆನಾಡಿನ ಆಗುಂಬೆಯೇ ಮಾಲ್ಗುಡಿಯಾಯಿತು. ಕಥೆಗಳು ನಾರಾಯಣ್ ಅವರವು, ರೇಖಾಚಿತ್ರಗಳು ಲಕ್ಷ್ಮಣ್ ಅವರವು, ನಿರ್ದೇಶನವು ಶಂಕರನಾಗ್ ಅವರದು, ನಟರಲ್ಲಿ ಅನಂತನಾಗ್ ಅವರೂ ಒಬ್ಬರು. ಒಂದೇ ಕೆಲಸದಲ್ಲಿ ಎರಡು ಮನೆಗಳ ಅಣ್ಣತಮ್ಮಂದಿರು ಕೂಡಿದರು. ಇದರಲ್ಲಿ ಗಮನಿಸತಕ್ಕದ್ದು ಏನಂದರೆ, ಮೊದಲೇ ಹೆಸರಾಗಿದ್ದ ಅಣ್ಣನು ತಮ್ಮನ ಮಾತಿನಂತೆ ನಿಂತು, ನಡೆದು, ಅಭಿನಯಿಸಿದನು. ೧೯೮೦ರ 'ಮಿಂಚಿನ ಓಟ'ದಲ್ಲಿಯೂ ೧೯೮೫ರ 'ಆಕ್ಸಿಡೆಂಟ್' ಎಂಬ ಚಿತ್ರದಲ್ಲಿಯೂ ಹೀಗೆಯೇ ಆಗಿತ್ತು. ಕಿರಿಯನ ಕೈಕೆಳಗೆ ಕೆಲಸ ಮಾಡುವ ಹಿರಿಯನು ಬಾಯಿಂದ ಒಂದು ಮಾತನ್ನೂ ಆಡಬೇಕಾಗಿಲ್ಲ. ಅವನು ನಿಂತ ಸ್ಥಳವೇ ಹೊಗಳಿಕೆಯಾಗುತ್ತದೆ. ಹೊಟ್ಟೆಕಿಚ್ಚಿಗೆ ಇದಕ್ಕಿಂತ ಒಳ್ಳೆಯ ಔಷಧವನ್ನು ಕಾಣೆವು: ಒಡಹುಟ್ಟಿದವನ ಏಳಿಗೆಯನ್ನು ಅಂಗಳದಲ್ಲಿ ನಿಂತು ನೋಡುತ್ತಿರಬೇಡ, ಒಳಗೆ ಹೋಗಿ ಅವನ ಕೆಲಸಕ್ಕೆ ಕೈಕೊಡು.

ಇದುವರೆಗೆ ಅಣ್ಣತಮ್ಮಂದಿರ ಮಾತನ್ನೇ ಆಡಿದೆವು. ಅಕ್ಕತಂಗಿಯರ ಮಾತು ಇನ್ನೂ ಹೆಚ್ಚು ಅಗತ್ಯವಾದದ್ದು. ಯಾಕಂದರೆ ಅವರ ಶ್ರಮವು ಬೇಗನೆ ಮರೆಯಾಗುತ್ತದೆ. ಜರ್ಮನಿಯ ಹ್ಯಾನೋವರಿನಲ್ಲಿ ೧೭೫೦ರಲ್ಲಿ ಕ್ಯಾರೊಲಿನ್ ಹರ್ಶೆಲ್ ಎಂಬವಳು ಹುಟ್ಟಿದಳು. ಚಿಕ್ಕಂದಿನ ಕಾಯಿಲೆಯಿಂದ ಅವಳ ಬೆಳವಣಿಗೆ ಕುಂಠಿತವಾಯಿತು. ಇವಳು ಮನೆಗೆಲಸಕ್ಕೆ ಮಾತ್ರ ಸಾಕೆಂದು ತಾಯಿ ನೆನಸಿದಳು. ಇಂಗ್ಲೆಂಡಿನಲ್ಲಿದ್ದ ಅಣ್ಣನಾದ ವಿಲಿಯಮನು ೧೭೭೨ರಲ್ಲಿ ಅವಳನ್ನು ತನ್ನ ಬಳಿಗೆ ಕರೆದುಕೊಂಡು ಹೋದನು. ಅವನು ದೂರದರ್ಶಕದ ಕನ್ನಡಿಗಳನ್ನು ಗಂಟೆಗಟ್ಟಲೆ ಬಿಡುವಿಲ್ಲದೆ ಉಜ್ಜುತ್ತಿರುವಾಗ ಅವಳು ಅವನ ಬಾಯಿಗೆ ತುತ್ತನ್ನಿಡುತ್ತಿದ್ದಳು. ರಾತ್ರಿಯ ಚಳಿಯಲ್ಲಿ ಅವನು ಕಂಡದ್ದನ್ನು ಬರೆದುಕೊಳ್ಳುತ್ತಿದ್ದಳು. ೧೭೮೧ರಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡುಹಿಡಿದು ಲೋಕಪ್ರಸಿದ್ಧನಾದನು. ಆದರೆ ಅವನು ತಂಗಿಯನ್ನು ಬರೆಯುವ ಕೈಯಾಗಿ ಮಾತ್ರ ಇಟ್ಟುಕೊಳ್ಳಲಿಲ್ಲ. ಅವಳಿಗೂ ದೂರದರ್ಶಕವನ್ನು ಮಾಡಿಕೊಟ್ಟನು. ಅವಳು ೮ ಧೂಮಕೇತುಗಳನ್ನು ಕಂಡುಹಿಡಿದಳು. ೧೭೮೭ರಿಂದ ಅರಸನು ಅವಳಿಗೆ ವರ್ಷಕ್ಕೆ ೫೦ ಪೌಂಡುಗಳ ಸಂಬಳವನ್ನು ಗೊತ್ತುಮಾಡಿದನು. ೧೮೨೨ರಲ್ಲಿ ಅಣ್ಣನು ತೀರಿಹೋದ ಮೇಲೂ ಅವಳು ಅವನ ಲೆಕ್ಕಗಳನ್ನು ಕ್ರಮಪಡಿಸಿ ಮುಗಿಸಿದಳು; ಅದಕ್ಕಾಗಿ ೧೮೨೮ರಲ್ಲಿ ಚಿನ್ನದ ಪದಕವನ್ನು ಪಡೆದಳು. ತಂಗಿಯನ್ನು ಬಾಯಿಂದ ಹೊಗಳುವದು ಸುಲಭ. ಅವಳ ಕೈಗೆ ದೂರದರ್ಶಕವನ್ನು ಕೊಡುವದೇ ನಿಜವಾದ ಮೆಚ್ಚಿಕೆ.

ಈ ಮಾತನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳೋಣ. ಬನಶಂಕರಿಯ ಸುತ್ತಲಿರುವ ಕತ್ರಿಗುಪ್ಪೆ, ಕದಿರೇನಹಳ್ಳಿ, ಇಟ್ಟಮಡು ಮುಂತಾದವು ಹಿಂದೆ ಹಳ್ಳಿಗಳಾಗಿದ್ದವು. ಪಟ್ಟಣವು ಬೆಳೆದಂತೆ ಅಂಥ ಹಳ್ಳಿಗಳ ಹೊಲಗಳು ನಿವೇಶನಗಳಾದವು. ಗುಂಟೆಯಿಂದ ಅಳೆಯುತ್ತಿದ್ದ ಭೂಮಿಯನ್ನು ಅಡಿಯಿಂದ ಅಳೆಯುವ ಕಾಲ ಬಂದಿತು. ಭೂಮಿಯ ಬೆಲೆ ಏರಿದಲ್ಲೆಲ್ಲಾ ಪಾಲಿನ ಜಗಳವೂ ಏರುವದು ಲೋಕಾನುಭವ. ಇಂದು ಪಟ್ಟಣದಿಂದ ದೂರವಾದ ಹಳ್ಳಿಗಳಿಗೂ ಅದು ಬಂದು ಮುಟ್ಟಿದೆ. ಇಂಥ ಸಮಯದಲ್ಲಿ ಅಕ್ಕತಂಗಿಯರನ್ನು ಹಬ್ಬಕ್ಕೆ ಕರೆದು, ಅರಿಸಿನ ಕುಂಕುಮ ಸೀರೆಗಳನ್ನಿಟ್ಟು, ನೀನು ನಮ್ಮ ಮನೆಯ ಲಕ್ಷ್ಮಿ ಎಂದು ಹೊಗಳಿ, ಊಟವಾದ ಮೇಲೆ ಹಕ್ಕು ಬಿಡುಗಡೆ ಪತ್ರವನ್ನು ಮುಂದಿಡುವ ಪದ್ಧತಿಯೊಂದು ಉಂಟು. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟೆಂದು ೨೦೦೫ರ ತಿದ್ದುಪಡಿಯು ಸ್ಥಿರಪಡಿಸಿತು. ಕ್ರೈಸ್ತ ಕುಟುಂಬಗಳಲ್ಲಿ ಉಯಿಲು ಬರೆಯದೆ ತೀರಿಹೋದವರ ಆಸ್ತಿಯನ್ನು ಹಂಚುವಾಗ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಗಂಡುಮಕ್ಕಳು ಹೆಣ್ಣುಮಕ್ಕಳು ಎಂಬ ಭೇದವನ್ನು ಮಾಡುವದಿಲ್ಲ. ಅಕ್ಕನು ತಾನಾಗಿ ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಹೊಗಳಿಕೆಯ ಬಲೆಯನ್ನು ಬೀಸಿ ಬಿಡಿಸಿಕೊಂಡರೆ ಅದು ಕಳ್ಳತನಕ್ಕೆ ಸಮ. ನ್ಯಾಯವನ್ನು ಕೊಡದ ಕೈಯಿಂದ ಹಾಕಿದ ಹೂವು ಹೂವಲ್ಲ. ಆದಕಾರಣ ಮೆಚ್ಚಿಕೆಗೆ ಮೊದಲನೆಯ ನಿಯಮ ಇದು: ಲೆಕ್ಕ ಮೊದಲು ತೀರಲಿ, ಮಾತು ಆ ಮೇಲೆ ಬರಲಿ.

ಆದರೆ ಯಾರಾದರೂ ಹೀಗೆ ಕೇಳಬಹುದು: ನನ್ನ ಅಣ್ಣನೇ ನನಗೆ ಅನ್ಯಾಯ ಮಾಡಿದ್ದಾನೆ, ಅವನನ್ನು ನಾನು ಹೇಗೆ ಮೆಚ್ಚಲಿ? ಇದು ಕಠಿನವಾದ ಪ್ರಶ್ನೆ. ಇದಕ್ಕೆ ಸಿಹಿಯಾದ ಉತ್ತರವನ್ನು ಕೊಡುವದು ಸುಳ್ಳಾಗುವದು. ಮಾಡಿದ ಅನ್ಯಾಯವನ್ನು ಇಲ್ಲವೆಂದು ಹೇಳಬೇಕಾಗಿಲ್ಲ. ನಿನ್ನ ಹಕ್ಕನ್ನು ಕೇಳದೆ ಬಿಡಬೇಕೆಂದೂ ಇಲ್ಲ. ಆದರೆ ಇಂದಿನ ಅನ್ಯಾಯದ ಸಲುವಾಗಿ ಅಂದಿನ ಒಳ್ಳೆಯದನ್ನು ಅಳಿಸಿಬಿಡಬೇಡ. ಜ್ವರ ಬಂದಾಗ ಅವನು ನಿನ್ನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ನಡೆದದ್ದು ನಿಜವಾದರೆ, ಪಾಲಿನ ದಾವೆ ನಡೆಯುತ್ತಿರುವಾಗಲೂ ಅದು ನಿಜವೇ. ಎರಡು ಸತ್ಯಗಳನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುವ ಶಕ್ತಿ ಮನುಷ್ಯನಿಗೆ ಉಂಟು. ದ್ವೇಷವು ನಮ್ಮಿಂದ ಮೊದಲು ಕದಿಯುವದು ನಮ್ಮ ಒಳ್ಳೆಯ ನೆನಪುಗಳನ್ನೇ. ಹಳೆಯ ಉಪಕಾರವನ್ನು ಮಕ್ಕಳ ಮುಂದೆ ಒಂದು ಸಾರಿ ಒಪ್ಪಿಕೊಂಡು ಹೇಳಿದವನು ಜಗಳವನ್ನು ಗೆಲ್ಲದೆ ಇರಬಹುದು. ಅದನ್ನು ಮುಂದಿನ ತಲೆಮಾರಿಗೆ ದಾಟಿಸದಂತೆ ಮಾಡುವನು.

ಇನ್ನುಳಿದದ್ದು ಕಾಲದ ಮಾತು. ಮಹಾಭಾರತದಲ್ಲಿ ಪಾಂಡವರು ಕರ್ಣನನ್ನು ಶತ್ರುವೆಂದೇ ತಿಳಿದು ಕೊಂದರು. ಅವನು ತಮ್ಮ ಹಿರಿಯಣ್ಣನೆಂಬದು ಯುದ್ಧವೆಲ್ಲಾ ಮುಗಿದು, ಸತ್ತವರಿಗೆ ನೀರು ಬಿಡುವ ಹೊತ್ತಿನಲ್ಲಿ ತಾಯಿಯ ಬಾಯಿಂದ ಅವರಿಗೆ ತಿಳಿಯಿತು. ಅವನ ದಾನಶೂರತೆಯನ್ನು ಆಗ ಅವರು ಎಷ್ಟು ಹೊಗಳಿದರೂ ಕೇಳುವ ಕಿವಿ ಇರಲಿಲ್ಲ. ರನ್ನ ಕವಿಯ ಗದಾಯುದ್ಧದಲ್ಲಿ ದುರ್ಯೋಧನನು ರಣರಂಗದಲ್ಲಿ ಬಿದ್ದಿರುವ ತಮ್ಮನಾದ ದುಶ್ಶಾಸನನ ಹೆಣವನ್ನು ಕಂಡು ಅಳುವದನ್ನು ಓದಿದವರು ಬಲ್ಲರು. ಲೋಕವೆಲ್ಲಾ ದುಷ್ಟನೆಂದು ಎಣಿಸಿದವನೂ ಅಲ್ಲಿ ಕೇವಲ ಒಬ್ಬ ಅಣ್ಣನಾಗುತ್ತಾನೆ. ಹುಟ್ಟಿನಲ್ಲಿ ಮುಂದಾದವನು ಸಾವಿನಲ್ಲಿ ಹಿಂದುಳಿದದ್ದೇ ಅವನ ಅಳಲು. ಈ ಇಬ್ಬರು ಕವಿಗಳನ್ನು, ಅಂದರೆ ಕರ್ಣನನ್ನು ಎತ್ತಿ ಹಿಡಿದ ಪಂಪನನ್ನೂ ದುರ್ಯೋಧನನ ದುಃಖವನ್ನು ಬರೆದ ರನ್ನನನ್ನೂ, ನಮ್ಮ ಜನರು ಸಾವಿರ ವರ್ಷ ಮರೆಯದೆ ಇದ್ದದ್ದಕ್ಕೆ ಒಂದು ಕಾರಣ ಉಂಟು: ತಡವಾಗಿ ಆಡಿದ ಮಾತಿನ ನೋವು ಎಲ್ಲರ ಮನೆಯಲ್ಲಿಯೂ ಇದೆ.

ಬನಶಂಕರಿಗೆ ಹೊಂದಿಕೊಂಡಿರುವ ಜೆ. ಪಿ. ನಗರದಲ್ಲಿ ರಂಗಶಂಕರ ಎಂಬ ನಾಟಕಮಂದಿರವಿದೆ. ಶಂಕರನಾಗ್ ಅವರ ಪತ್ನಿ ಅರುಂಧತಿನಾಗ್ ಅವರು, ಗಂಡನನ್ನು ಕೊಂಡೊಯ್ದ ಆ ಅಪಘಾತದಲ್ಲಿಯೇ ತಾವೂ ತೀವ್ರವಾಗಿ ಗಾಯಗೊಂಡು ಬದುಕಿ ಉಳಿದವರು, ಸ್ನೇಹಿತರ ಸಹಾಯದಿಂದ ವರ್ಷಗಟ್ಟಲೆ ಶ್ರಮಪಟ್ಟು ಅದನ್ನು ಕಟ್ಟಿಸಿದರು; ೨೦೦೪ರಲ್ಲಿ ಅದರ ಬಾಗಿಲು ತೆರೆಯಿತು. ಅಲ್ಲಿ ಒಂದು ನಿಯಮವನ್ನು ಬಿಗಿಯಾಗಿ ನಡಿಸುತ್ತಾರೆ: ನಾಟಕ ಆರಂಭವಾದ ಮೇಲೆ ಬಂದವರು ಎಷ್ಟು ದೊಡ್ಡವರಾಗಿದ್ದರೂ ಒಳಗೆ ಬಿಡುವದಿಲ್ಲ. ಒಡಹುಟ್ಟಿದವರ ಸಂಗತಿಯಲ್ಲಿಯೂ ಬಾಗಿಲು ಮುಚ್ಚುವ ಹೊತ್ತು ಉಂಟು. ವ್ಯತ್ಯಾಸವೇನಂದರೆ, ನಾಟಕದ ಹೊತ್ತು ಚೀಟಿಯ ಮೇಲೆ ಬರೆದಿರುತ್ತದೆ. ಇದರ ಹೊತ್ತು ಎಲ್ಲಿಯೂ ಬರೆದಿಲ್ಲ.

ಆದದರಿಂದ, ವಾಚಕರೇ, ಮೇಲೆ ಹೇಳಿದ್ದನ್ನು ಮನೆಯಲ್ಲಿ ನಡಿಸತಕ್ಕ ರೀತಿಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಒಂದನೆಯದಾಗಿ, ಮೆಚ್ಚುವಾಗ ನಿರ್ದಿಷ್ಟವಾಗಿ ಮೆಚ್ಚಿರಿ. ನಮ್ಮಕ್ಕ ಒಳ್ಳೆಯವಳು ಎಂಬ ಮಾತು ಗಾಳಿಗೆ ಹೋಗುತ್ತದೆ. ನಮ್ಮಕ್ಕನು ಶಾಲೆ ಬಿಟ್ಟು ಮಗ್ಗದಲ್ಲಿ ಕೂತದ್ದರಿಂದ ನಾನು ಹತ್ತನೆಯ ತರಗತಿ ಮುಗಿಸಿದೆನು ಎಂಬ ಮಾತು ನಿಲ್ಲುತ್ತದೆ. ಎರಡನೆಯದಾಗಿ, ಅವರ ಬೆನ್ನ ಹಿಂದೆ ಮಾತ್ರವಲ್ಲ, ಎದುರಿನಲ್ಲಿಯೂ ಹೇಳಿರಿ. ನಿಮ್ಮ ಮಕ್ಕಳೂ ಅವರ ಮಕ್ಕಳೂ ಕೇಳುವಂತೆ ಹೇಳಿರಿ. ಚಿಕ್ಕಪ್ಪ ದೊಡ್ಡಪ್ಪಂದಿರನ್ನು ಮೆಚ್ಚುವ ತಂದೆಯ ಮಕ್ಕಳು ಪರಸ್ಪರ ಮೆಚ್ಚುವದನ್ನು ಬೇರೆ ಶಾಲೆಯಲ್ಲಿ ಕಲಿಯಬೇಕಾಗಿಲ್ಲ. ಮೂರನೆಯದಾಗಿ, ಬಾಯಿಂದ ಹೇಳುವದು ನಿಮಗೆ ಬಾರದಿದ್ದರೆ ಕೈಯಿಂದ ಹೇಳಿರಿ. ನಮ್ಮ ಹಳ್ಳಿಗಳಲ್ಲಿ ಮಾತು ಕಡಿಮೆಯಾಗಿ ಮನಸ್ಸು ದೊಡ್ಡದಾಗಿರುವವರು ಬಹಳ. ತಮ್ಮನ ಹೊಲಕ್ಕೆ ಮೊದಲು ನೀರು ಬಿಟ್ಟ ಅಣ್ಣನೂ, ಅಕ್ಕನ ಮನೆಗೆ ಹೊಸ ರಾಗಿಯ ಮೊದಲ ಚೀಲವನ್ನು ಹೊರಿಸಿ ಕಳುಹಿಸಿದ ತಮ್ಮನೂ ಹೇಳಬೇಕಾದದ್ದನ್ನು ಹೇಳಿದ್ದಾರೆ.

ಬಾಗಿಲು ಆಗಲೇ ಮುಚ್ಚಿಹೋಗಿರುವ ಮನೆಗಳೂ ಉಂಟು. ಒಡಹುಟ್ಟಿದವರನ್ನು ಮಣ್ಣಿಗೊಪ್ಪಿಸಿ, ಆಡದೆ ಉಳಿದ ಮಾತನ್ನು ಎದೆಯಲ್ಲಿಟ್ಟುಕೊಂಡು ಈ ಪುಟವನ್ನು ಓದುವವರಿಗೆ ಏನು ಹೇಳಲಿ? ಆ ಮಾತು ಈಗ ಅವರ ಕಿವಿಗೆ ಮುಟ್ಟದಿದ್ದರೂ ವ್ಯರ್ಥವಲ್ಲ. ಅದನ್ನು ಬರೆಯುವದಕ್ಕೆ ನಿಮಗೆ ಬಂಡೆ ಇಲ್ಲದಿರಬಹುದು, ಪುಸ್ತಕವನ್ನು ಅಚ್ಚುಹಾಕಿಸುವ ಶಕ್ತಿಯೂ ಇಲ್ಲದಿರಬಹುದು. ಆದರೆ ಹೋದ ತಮ್ಮನಿಗೆ ಮಕ್ಕಳಿರಬಹುದು. ತಂದೆಯು ಎಂಥವನಾಗಿದ್ದನೆಂದು ಅವರಿಗೆ ಹೇಳುವವರು ಬೇಕು. ಹೋದ ಅಕ್ಕನು ಅರ್ಧಕ್ಕೆ ಬಿಟ್ಟ ಕೆಲಸವಿರಬಹುದು. ಅದನ್ನು ಮುಗಿಸುವವರು ಬೇಕು. ಇವೆರಡೂ ಇಲ್ಲದಿದ್ದರೆ, ನಿಮ್ಮನ್ನು ಬೀದಿಯಲ್ಲಿ 'ಅಣ್ಣಾ' ಎಂದೋ 'ಅಕ್ಕಾ' ಎಂದೋ ಕರೆಯುವ ಯಾರಾದರೂ ಇದ್ದೇ ಇರುವರು. ಆ ಕರೆಗೆ ತಕ್ಕವರಾಗಿ ತಿರುಗಿ ನೋಡಿರಿ. ಇನ್ನು ಒಡಹುಟ್ಟಿದವರು ಬದುಕಿರುವವರು ಹೆಚ್ಚು ಆಲೋಚಿಸಬೇಕಾಗಿಲ್ಲ. ಈ ವಾರದಲ್ಲಿ ಒಂದು ದಿನ ಅವರ ಮನೆಯ ವರೆಗೆ ಹೋಗಿ ಬನ್ನಿರಿ.